ನೂರೈವತ್ತು ರೂಪಾಯಿಯ ತೋಪು, ಎಂಟೂವರೆ ಲಕ್ಷದ ಕಾರು

ಟಿಕೋಟಾ ಹತ್ತಿರದ ನಮ್ಮ ದೊಡ್ಡಪ್ಪನ ತೋಟದಲ್ಲಿ ಒಣದ್ರಾಕ್ಷಿ ಶೆಡ್ಡಿನ ಮಗ್ಗುಲಿಗೆ ಇನ್ನೊಂದು ಸಣ್ಣ ತಗಡಿನ ಶೆಡ್ ಇದೆ. ಅದರೊಳಗೆ ಹಳೆಯ ಶೇಡ್ ನೆಟ್ ಹೊದ್ದುಕೊಂಡು ಒಂದು ಕಪ್ಪು ಜರ್ಮನ್ ಸೆಡಾನ್ ನಿಂತಿದೆ. ಮೂರು ಲೀಟರ್ ಡೀಸೆಲ್ ಇಂಜಿನ್, ಆರು ಸಿಲಿಂಡರ್, 2011ರ ಮಾಡೆಲ್. ಹೊಸದಿದ್ದಾಗ ದಿಲ್ಲಿಯಲ್ಲಿ ಯಾರೋ ಅರ್ಧ ಕೋಟಿಯ ಹತ್ತಿರ ಕೊಟ್ಟು ಕೊಂಡದ್ದು. 2019ರ ಮೇ ತಿಂಗಳಲ್ಲಿ ನಮ್ಮಣ್ಣ, ಅಂದರೆ ದೊಡ್ಡಪ್ಪನ ಮಗ, ಪುಣೆಯ ಡೀಲರ್ ಒಬ್ಬರಿಂದ ಅದನ್ನು ಎಂಟೂವರೆ ಲಕ್ಷಕ್ಕೆ ತಂದ. ಮನೆಯಲ್ಲಿದ್ದ ಸಣ್ಣ ಕಾರು ಮಾರಿ, ಆ ವರ್ಷದ ದ್ರಾಕ್ಷಿ ರೊಕ್ಕ ಸೇರಿಸಿ ತಂದದ್ದು. ಆರು ಮಂದಿಯ ಮನೆಗೆ ಅದೊಂದೇ ಕಾರು.

"ತಮ್ಮಾ, ಹೊಸಾ ಸಣ್ಣ ಗಾಡಿ ರೇಟಿಗೆ ಇದು ಬಂತು ನೋಡು. ಹ್ಯಾಂಗ ಬಿಡೂದು?" ಎಂದು ಅಣ್ಣ ಕೇಳಿದ್ದ. ನಾನು ಸುದ್ದಿಗೆ ಓಡಾಡುವುದು ಹಳೇ ಸ್ಪ್ಲೆಂಡರ್ ಮೇಲೆ. ಉತ್ತರ ಕೊಡುವ ಯೋಗ್ಯತೆ ನನಗಿರಲಿಲ್ಲ. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಬಹಳ ದುಬಾರಿಯ ವಸ್ತು ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಬಂದಾಗ ಅದು ನಿಜಕ್ಕೂ ನಮಗೆ ನಿಲುಕುತ್ತದೆಯೇ? ಹುಡುಕುತ್ತ ಹೋದರೆ ವಿಜಯಪುರಕ್ಕೆ ಈ ಪ್ರಶ್ನೆ ಹೊಸದೇನಲ್ಲ.

ಊರಿನ ಪಶ್ಚಿಮದ ಶೇರ್ಜಾ ಬುರುಜಿನ ಮೇಲೆ ಕೂತಿರುವ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. ಅದು ನಮ್ಮೂರಿನದಲ್ಲ. 1549ರಲ್ಲಿ ಅಹಮದ್‌ನಗರದ ನಿಜಾಮಶಾಹಿಗಾಗಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಪರಾಂಡಾ ಕೋಟೆಯಲ್ಲಿದ್ದ ಅದನ್ನು 1632ರಲ್ಲಿ ಯುದ್ಧದ ಗೆಲುವಿನ ಗುರುತಾಗಿ ಇಲ್ಲಿಗೆ ತಂದರು. ಎಳೆಯಲು 10 ಆನೆ, 400 ಎತ್ತು, ನೂರಾರು ಆಳು ಬೇಕಾದವು ಎನ್ನುತ್ತಾರೆ. ಅಂದರೆ ಈ ಊರಿನ ಅತಿ ಹೆಸರುವಾಸಿ 'ಹೈ ಪರ್ಫಾರ್ಮೆನ್ಸ್' ಯಂತ್ರ ಸೆಕೆಂಡ್ ಹ್ಯಾಂಡ್ ಮಾಲು. ಆದಿಲ್‌ಶಾಹಿ ಮುಗಿದು, ಮೊಗಲರು, ಮರಾಠರು ಎಲ್ಲ ಆಗಿ ಊರು ಬ್ರಿಟಿಷರ ಕೈಗೆ ಬಂದ ಮೇಲೆ 1854ರಲ್ಲಿ ತೋಪನ್ನು ಹರಾಜಿಗೆ ಇಟ್ಟರು. ಬಂದ ದೊಡ್ಡ ಸವಾಲು ನೂರೈವತ್ತು ರೂಪಾಯಿ. 55 ಟನ್ ಲೋಹಕ್ಕೆ! ಕೊನೆಗೆ ಆ ಮಾರಾಟ ರದ್ದಾಗಿ ತೋಪು ಇಲ್ಲೇ ಉಳಿಯಿತು.

ಯಾಕೆ ಅಷ್ಟು ಅಗ್ಗ? ಶಾಲೆಯಲ್ಲಿದ್ದಾಗ ಬ್ರಿಟಿಷರಿಗೆ ಅದರ ಬೆಲೆ ಗೊತ್ತಿರಲಿಲ್ಲ ಎಂದು ಹೇಳುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ಕೊಂಡವನು ಅದನ್ನು ಬುರುಜಿನಿಂದ ಇಳಿಸಬೇಕು, ಸಾಗಿಸಬೇಕು, ಕರಗಿಸಬೇಕು. ಹತ್ತು ಆನೆ ಎಲ್ಲಿಂದ ತರುವುದು? ತೋಪಿನ ಬೆಲೆ ನೂರೈವತ್ತು, ಅದನ್ನು ಅಲುಗಾಡಿಸುವ ಬೆಲೆ ಬೇರೆ. ಹರಾಜು ಕೂಗಿದವನಿಗೆ ಈ ಎರಡನೇ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು.

ಕುದುರೆಗಳ ವಿಷಯವೂ ಹೀಗೆಯೇ. ದಕ್ಷಿಣದ ಅರಸರಿಗೆ ಒಳ್ಳೆಯ ಕುದುರೆ ಸಮುದ್ರದಾಚೆಯಿಂದ, ಅರಬ್ ನಾಡು ಮತ್ತು ಹೊರ್ಮುಜ್ ಕಡೆಯಿಂದ ಬರಬೇಕಿತ್ತು. ಗೋವಾ ಆದಿಲ್‌ಶಾಹಿಯ ಕೈಯಲ್ಲಿದ್ದಾಗ ಆ ವ್ಯಾಪಾರದ ಒಂದು ದೊಡ್ಡ ಬಾಗಿಲು ಬಿಜಾಪುರದ್ದೇ. 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ ಮೇಲೆ ಅದು ಪೋರ್ಚುಗೀಸರ ಪಾಲಾಯಿತು. ಈ ವ್ಯಾಪಾರದ ಬಗ್ಗೆ ಇನ್ನೂ ಎರಡು ಶತಮಾನ ಮೊದಲೇ, 13ನೇ ಶತಮಾನದ ಕೊನೆಯಲ್ಲಿ, ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಒಂದು ಮಾತು ಬರೆದಿದ್ದಾನೆ. ಅಲ್ಲಿಯ ಒಬ್ಬೊಬ್ಬ ಅರಸ ವರ್ಷಕ್ಕೆ ಎರಡು ಸಾವಿರ ಕುದುರೆ ಕೊಳ್ಳುತ್ತಾನೆ, ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ, ಯಾಕೆಂದರೆ ಅವುಗಳ ಆರೈಕೆ ಬಲ್ಲವರು ಅಲ್ಲಿಲ್ಲ ಎನ್ನುತ್ತಾನೆ. ಲಾಳ ಹೊಡೆಯುವವರು, ಮದ್ದು ಬಲ್ಲವರು ಆ ದೇಶಕ್ಕೆ ಹೋಗದಂತೆ ಕುದುರೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಕುದುರೆ ಸತ್ತಷ್ಟೂ ಅವರಿಗೆ ಮುಂದಿನ ವರ್ಷದ ಗಿರಾಕಿ. ಕಾರು ಕೊಳ್ಳುವ ಮುಂಚೆ ಅಣ್ಣನಿಗೆ ಈ ಭಾಗ ಓದಿ ಹೇಳಿದ್ದರೆ ಚೆನ್ನಾಗಿತ್ತು. ನಾನೇ ಓದಿದ್ದು ಆಮೇಲೆ.

ಇನ್ನು ಕಾರಿನ ಕತೆ. 1956ರ ನವೆಂಬರ್ 1ರವರೆಗೆ ಬಿಜಾಪುರ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ನಮ್ಮವರ ಪೇಟೆ ಸೊಲ್ಲಾಪುರ, ಸಾಂಗ್ಲಿ. ಮೋಟಾರಿನ ನಂಟೂ ಆ ಕಡೆಯದೇ. ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ ವಾಲಚಂದ್ ಹೀರಾಚಂದ್ ಹುಟ್ಟಿದ್ದು 1882ರಲ್ಲಿ, ಇಲ್ಲಿಂದ ನೂರು ಕಿಲೋಮೀಟರಿನ ಸೊಲ್ಲಾಪುರದಲ್ಲಿ. ಕಾರು ಕಾರ್ಖಾನೆ ಕರ್ನಾಟಕದಲ್ಲೇ ಆಗಬೇಕೆಂದು ವಿಶ್ವೇಶ್ವರಯ್ಯ ಅವರ ಜೊತೆ ಸೇರಿ ವಾಲಚಂದ್ ಓಡಾಡಿದ್ದುಂಟು. ಮೈಸೂರು ಸಂಸ್ಥಾನಕ್ಕೆ ಮನಸ್ಸಿದ್ದರೂ ದಿಲ್ಲಿಯ ಬ್ರಿಟಿಷ್ ಸರ್ಕಾರ ದಾರಿ ಬಿಡಲಿಲ್ಲ. ಬೆಂಗಳೂರಿಗೆ ಸಿಕ್ಕಿದ್ದು 1940ರ ವಿಮಾನ ಕಾರ್ಖಾನೆ. ಕಾರು ಮುಂಬೈಯ ಕುರ್ಲಾಕ್ಕೆ ಹೋಯಿತು.

ಸ್ವಾತಂತ್ರ್ಯದ ನಂತರ ಪರದೇಶದ ಕಾರಿನ ಆಮದು ಬಿಗಿಯಾಯಿತು. ಇಲ್ಲಿ ಬಿಡಿಭಾಗ ತಂದು ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ 1954ರ ಹೊತ್ತಿಗೆ ಅಂಗಡಿ ಮುಚ್ಚಿದವು. ಉಳಿದದ್ದು ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರು ಮತ್ತು ವರ್ಷಗಟ್ಟಲೆ ಪಾಳಿ. ಆಗ ಒಂದು ತಲೆಕೆಳಗಾದ ಲೆಕ್ಕ ನಡೆಯುತ್ತಿತ್ತು. ಹೊಸ ಫಿಯೆಟ್‌ಗೆ ಕಾಯಬೇಕು, ಹಳೆಯದು ಇವತ್ತೇ ಸಿಗುತ್ತದೆ. ಹಾಗಾಗಿ ಓಡಿದ ಕಾರಿಗೆ ಹೊಸದಕ್ಕಿಂತ ಹೆಚ್ಚು ರೊಕ್ಕ. ಸೆಕೆಂಡ್ ಹ್ಯಾಂಡ್ ಎಂದರೆ ಅಗ್ಗ ಎಂಬ ಅರ್ಥ ಬಂದದ್ದು ಬಹಳ ತಡವಾಗಿ.

ಪರದೇಶದ ಐಷಾರಾಮಿ ಕಾರು ಬೇಕೆಂದರೆ ಆ ಕಾಲದಲ್ಲಿ ಸೆಕೆಂಡ್ ಹ್ಯಾಂಡೇ ದಾರಿ. ರಾಯಭಾರ ಕಚೇರಿಯವರು ದೇಶ ಬಿಡುವಾಗ ಮಾರಿದ ಇಂಪಾಲಾ, ಮರ್ಸಿಡಿಸ್ ಗಾಡಿಗಳು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಹರಾಜಿಗೆ ಬರುತ್ತಿದ್ದವು. ಸಿನಿಮಾ ನಟರು, ಮಿಲ್ ಮಾಲಕರು ಕೂಗುತ್ತಿದ್ದರು. ದೇಶದಲ್ಲೇ ಮಾಡಿದ ದೊಡ್ಡ ಸೆಡಾನ್ ಎಂದು 1985ರಲ್ಲಿ ಮದ್ರಾಸಿನಿಂದ ಬಂದ ಸ್ಟ್ಯಾಂಡರ್ಡ್ 2000 ಒಂದು ತಮಾಷೆಯೇ ಸರಿ. ಮೈ ಬ್ರಿಟನ್ನಿನ ರೋವರ್ ಎಸ್‌ಡಿ1ನದು. ಆ ರೋವರ್‌ಗೆ ಅಲ್ಲಿ ವಿ8 ಇಂಜಿನ್ನೂ ಇತ್ತು. ಇಲ್ಲಿ ಹಾಕಿದ್ದು ಓಬೀರಾಯನ ಕಾಲದ ಎರಡು ಲೀಟರ್ ಇಂಜಿನ್. ಕೆಲವೇ ವರ್ಷದಲ್ಲಿ ನಿಂತುಹೋಯಿತು.

ಅಂಬಾಸಡರ್ ಬಗ್ಗೆ ಮಾತ್ರ ಇಲ್ಲಿ ತುಸು ನಿಲ್ಲಬೇಕು. ಅದು 2014ರವರೆಗೆ ತಯಾರಾಯಿತು. ಓಡುವುದರಲ್ಲಿ, ನಿಲ್ಲುವುದರಲ್ಲಿ, ಡೀಸೆಲ್ ಕುಡಿಯುವುದರಲ್ಲಿ ಹೊಗಳುವಂಥದ್ದೇನೂ ಇರಲಿಲ್ಲ. ಆದರೆ ಟಿಕೋಟಾದ ಸೈಕಲ್ ಅಂಗಡಿಯವನಿಗೂ ಅದರ ಕಾರ್ಬುರೇಟರ್ ಬಿಚ್ಚಲು ಬರುತ್ತಿತ್ತು. ಬಬಲೇಶ್ವರದ ಕಮ್ಮಾರ ಅದರ ಲೀಫ್ ಸ್ಪ್ರಿಂಗ್ ಪಟ್ಟಿ ಕಾಸಿ ಬಡಿದು ಕೊಡುತ್ತಿದ್ದ. ಕಾರು ಕೆಡುತ್ತಿತ್ತು, ಸಂಜೆಯೊಳಗೆ ಮತ್ತೆ ಓಡುತ್ತಿತ್ತು. ಮನೆಗೆ ಒಂದೇ ಕಾರು ಇದ್ದವರು ಐವತ್ತು ವರ್ಷ ಅದನ್ನೇ ನಂಬಿದ್ದರ ಗುಟ್ಟು ಇದು. ಕೆಡದ ಕಾರು ಎಂದಲ್ಲ, ಕೆಟ್ಟರೆ ಊರಲ್ಲೇ ಎಬ್ಬಿಸಬಹುದಾದ ಕಾರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1991ರ ನಂತರ ಆರ್ಥಿಕತೆ ತೆರೆದು, 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲವೆಂದಾಯಿತು. 1995ರಲ್ಲಿ ಪುಣೆಯ ಟೆಲ್ಕೊ ಆವರಣದಲ್ಲಿ ಮರ್ಸಿಡಿಸ್ ಇ-ಕ್ಲಾಸ್ ಜೋಡಣೆ ಶುರು. 2007ರಲ್ಲಿ ಬಿಎಂಡಬ್ಲ್ಯು ಚೆನ್ನೈ ಹತ್ತಿರ ಕಾರ್ಖಾನೆ ತೆರೆಯಿತು, ಆಡಿಯೂ ಅದೇ ಹೊತ್ತಿಗೆ ಇಲ್ಲಿ ಕಾಲೂರಿತು. 2021ರ ಮಾರ್ಚಿನಲ್ಲಿ ಚೆನ್ನೈಯಲ್ಲೇ ಜೋಡಿಸಿದ ಎಂ340ಐ ಬಂದಾಗ ಅದರ ಶೋರೂಂ ಬೆಲೆ 62.90 ಲಕ್ಷ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರಿನ ವೇಗಕ್ಕೆ 4.4 ಸೆಕೆಂಡು. ನಮ್ಮ ಟಿಕೋಟಾ ಬಸ್‌ಸ್ಟ್ಯಾಂಡಿನ ಮುಂದೆ ಸ್ಪೀಡ್ ಬ್ರೇಕರ್ ಹತ್ತಿ ಇಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಂಥ ಗಾಡಿಗಳು ಎಂಟು-ಹತ್ತು ವರ್ಷದ ನಂತರ ನಮ್ಮ ಕಡೆ ಬರುವುದಕ್ಕೆ ಒಂದು ಕಾನೂನಿನ ಕಾರಣವೂ ಇದೆ. ದಿಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಜಾರಿ ಮಾಡಿ ಎಂದಿತು. ಎಂಟನೇ ವರ್ಷಕ್ಕೇ ದಿಲ್ಲಿಯ ಮಾಲಕರು ಕೈತೊಳೆದುಕೊಳ್ಳಲು ನೋಡಿದರು. ಪುಣೆ, ಬೆಂಗಳೂರಿನ ಡೀಲರುಗಳು ಕೊಂಡು ತಂದರು. ಅಣ್ಣನ ಕಾರಿನ ಮೇಲೆ ಡಿಎಲ್ ನಂಬರ್ ಇದ್ದದ್ದು ಹೀಗೆ.

ಇತ್ತ ಕೊಳ್ಳುವ ಕೈಯೂ ತಯಾರಾಗಿತ್ತು. ಟಿಕೋಟಾ, ಬಬಲೇಶ್ವರ ಎರಡೂ 2018ರಲ್ಲಿ ತಾಲೂಕು ಆದವು, ಆದರೆ ಅವುಗಳ ಹೆಸರು ಸಾಂಗ್ಲಿ, ತಾಸಗಾಂವ್ ಒಣದ್ರಾಕ್ಷಿ ಪೇಟೆಯಲ್ಲಿ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ದ್ರಾಕ್ಷಿಯ ರೊಕ್ಕದ ಸ್ವಭಾವ ಬೇರೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ನಡುವೆ ಡೌನಿ ರೋಗ, ಔಷಧ, ಬರದ ವರ್ಷ ಟ್ಯಾಂಕರ್ ನೀರು. ಹನ್ನೆರಡು ತಿಂಗಳು ಹೋಗುತ್ತಲೇ ಇರುತ್ತದೆ. ಬರುವುದು ಒಮ್ಮೆ. ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಮನೂಕ ಆಗಿ, ಕೋಲ್ಡ್ ಸ್ಟೋರೇಜಿನಲ್ಲಿ ಕೂತು, ರೇಟು ಬಂದಾಗ ಒಮ್ಮೆಲೇ ಕೈತುಂಬ. ಆ ವಾರ ಕಾರಿನ ಬೆಲೆ ಸಣ್ಣದಾಗಿ ಕಾಣುತ್ತದೆ. ಸಂಬಳದವನಿಗೆ ಕಂತು ದೊಡ್ಡದು, ದ್ರಾಕ್ಷಿಯವನಿಗೆ ಕಂತೇ ಬೇಡ. ಆದರೆ ಗಾಡಿಯ ಖರ್ಚು ಕಟಾವಿನ ತಿಂಗಳು ನೋಡಿ ಬರುವುದಿಲ್ಲ.

ಮೊದಲ ಪೆಟ್ಟು ತೆರಿಗೆಯದು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಇಲ್ಲಿಯ ನಂಬರ್ ಪಡೆಯಬೇಕು. ದಿಲ್ಲಿಯಿಂದ ಎನ್‌ಒಸಿ ಬರಬೇಕು. ಆಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಅದು ಶೇ. 18. ಗಾಡಿಯ ವಯಸ್ಸಿಗೆ ತಕ್ಕಂತೆ ಕಡಿತ ಇದೆ, ನಿಜ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಎಂಟೂವರೆ ಲಕ್ಷದಿಂದಲ್ಲ, ಹೊಸದಿದ್ದಾಗಿನ ಬೆಲೆಯಿಂದ. ಪೇಟೆ ಮರೆತ ಬೆಲೆಯನ್ನು ಆರ್‌ಟಿಒ ಮರೆಯುವುದಿಲ್ಲ. ಕೆಎ 28 ನಂಬರ್ ಹತ್ತುವ ಹೊತ್ತಿಗೆ ಅಣ್ಣನ ಕೈಯಿಂದ ಇನ್ನೊಂದು ಹಳೆಯ ಆಲ್ಟೊ ಬರುವಷ್ಟು ರೊಕ್ಕ ಹೋಗಿತ್ತು.

ಎರಡನೆಯದು ವಿಮೆ. ವಿಮೆಯ ಲೆಕ್ಕದಲ್ಲಿ ಕಾರಿನ ಬೆಲೆ ಐದನೇ ವರ್ಷಕ್ಕೆ ಅರ್ಧ ಆಗುತ್ತದೆ. ಅದರ ನಂತರ ಕಂಪನಿ ಮತ್ತು ಮಾಲಕ ಮಾತಾಡಿಕೊಂಡ ಬೆಲೆ. ಪೂರ್ತಿ ದುಡ್ಡು ಕೊಡುವ 'ಝೀರೋ ಡೆಪ್' ಪಾಲಿಸಿ ಹಳೆಯ ಗಾಡಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ಮಾತ್ರ. ಈಗಿನ ಸೆಡಾನಿನ ಮುಂಭಾಗ ಪೂರ್ತಿ ಪ್ಲಾಸ್ಟಿಕ್. ಅಣ್ಣನ ಕಾರಿಗೆ ತೊರವಿ ಹತ್ತಿರ ನಾಯಿ ಅಡ್ಡ ಬಂದು ಬಂಪರ್, ಹೆಡ್‌ಲೈಟ್ ಹೋದಾಗ ಇದು ಅರ್ಥವಾಯಿತು. ಆ ಹೆಡ್‌ಲೈಟಿಗೆ ಯಾರೂ ಹತ್ತು ವರ್ಷ ಹಳೆಯದೆಂದು ಬೆಲೆ ಇಳಿಸುವುದಿಲ್ಲ. ಅರ್ಧ ಕೋಟಿಯ ಕಾರಿನ ಹೆಡ್‌ಲೈಟ್ ಅದು, ಅಷ್ಟೇ.

ದೊಡ್ಡವ್ವನ ತಕರಾರು ಬೇರೆ. "ಯಪ್ಪಾ, ಇದರಾಗ ಕುಂತ್ರ ನೆಲದ ಮ್ಯಾಲ ಕುಂತಂಗ ಆಕ್ಕೈತಿ, ಏಳಾಕ ಇಬ್ಬರು ಹಿಡೀಬೇಕು" ಎನ್ನುತ್ತಿದ್ದಳು. ತೋಟದ ದಾರಿ ಎರೆಮಣ್ಣಿನದು. ಮಳೆ ಬಿದ್ದ ದಿನ ಕಾರು ರಸ್ತೆಯ ಮೇಲೆ, ಮನೆಯವರು ಒಂದು ಕಿಲೋಮೀಟರ್ ನಡಿಗೆ.

ಆದರೆ ಅದೇ ದೊಡ್ಡವ್ವನಿಗೆ 2020ರ ಜನವರಿಯಲ್ಲಿ ಒಂದು ರಾತ್ರಿ ಎದೆನೋವು ಬಂತು. ನಮ್ಮ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಇಂದಿಗೂ ಮಿರಜ್. ಅಥಣಿ ದಾಟಿ ನೂರು ಕಿಲೋಮೀಟರಿನ ಮೇಲೆ. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆವು, ನಾನು ಮುಂದೆ ಕೂತಿದ್ದೆ. ಆ ರಸ್ತೆಯ ತೆಗ್ಗುಗಳು ನನಗೆ ಬಾಯಿಪಾಠ. ಒಂದೂ ಗೊತ್ತಾಗಲಿಲ್ಲ. ಎದುರಿನ ಕಬ್ಬಿನ ಟ್ರ್ಯಾಕ್ಟರುಗಳನ್ನು ಅಣ್ಣ ದಾಟಿದ್ದು ಉಸಿರು ಎಳೆದುಕೊಂಡಷ್ಟು ಹಗುರಾಗಿ. ದೊಡ್ಡವ್ವ ದಾರಿಯಲ್ಲಿ ನಿದ್ದೆ ಹೋಗಿದ್ದಳು. ಡಾಕ್ಟರು ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು. ಇಂಥ ಗಾಡಿ ಬರೀ ಡೌಲು ಎನ್ನುವವರ ಜೊತೆ ನಾನು ಆ ರಾತ್ರಿಯ ನಂತರ ಪೂರ್ತಿ ಒಪ್ಪುವುದಿಲ್ಲ.

ಮುಂದಿನ ತಪಾಸಣೆಗೆ ಹದಿನೈದು ದಿನಕ್ಕೊಮ್ಮೆ ಬರಹೇಳಿದ್ದರು. ಎರಡನೇ ಸಲ ಹೊರಡುವ ಮುಂಜಾನೆ ಕಾರು ಸ್ಟಾರ್ಟ್ ಆಯಿತು, ಗೇರ್ ಹತ್ತಲಿಲ್ಲ. ಬೋರ್ಡಿನ ಮೇಲೆ ಹಳದಿ ದೀಪ. ವಿಜಯಪುರದ ಮೂರು ಗ್ಯಾರೇಜಿನವರು ಬಂದು ನೋಡಿದರು, ಬಾನೆಟ್ ತೆರೆದರು, ಪ್ಲಾಸ್ಟಿಕ್ ಮುಚ್ಚಳ ನೋಡಿ ಮುಚ್ಚಿದರು. "ಸಾಹೇಬ್ರ, ಇದಕ್ಕ ಕಂಪ್ಯೂಟರ್ ಬೇಕು" ಎಂದರು. ಕಂಪನಿಯ ಸರ್ವಿಸ್ ಎಂದರೆ ಪುಣೆ, ಸುಮಾರು 350 ಕಿಲೋಮೀಟರ್. ಕಾರನ್ನು ಲಾರಿಯ ಮೇಲೆ ಹೇರಿ ಸೊಲ್ಲಾಪುರದ ಒಂದು ಗ್ಯಾರೇಜಿಗೆ ಕಳಿಸಿದೆವು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗಿನ ಒಂದು ಭಾಗ ಹೋಗಿತ್ತು. ಹೊಸದರ ಬೆಲೆ ಕೇಳಿ ಅಣ್ಣ ಫೋನ್ ಇಟ್ಟ. ಮುಂಬೈಯ ಕುರ್ಲಾ ಗುಜರಿ ಪೇಟೆಯಲ್ಲಿ ಹಳೆಯದು ಹುಡುಕಿಸಿದರು. ಅದು ಬರುವಷ್ಟರಲ್ಲಿ ಮಾರ್ಚ್ ಬಂತು, ಲಾಕ್‌ಡೌನ್ ಬಂತು. ಕಾರು ಮನೆಗೆ ಬಂದದ್ದು ಜುಲೈಯಲ್ಲಿ.

ಆ ಐದು ತಿಂಗಳ ಲೆಕ್ಕವೇ ನಿಜವಾದ ಲೆಕ್ಕ. ರಿಪೇರಿಗೆ ಎರಡು ಲಕ್ಷದ ಹತ್ತಿರ ಆಯಿತು, ಅಂದರೆ ಆ ವರ್ಷದ ಚಾಟ್ನಿಯ ಕೂಲಿ ಅಷ್ಟೂ. ಅದನ್ನು ಹೇಗೋ ಸಾಲ ಮಾಡಿ ಕೊಟ್ಟರು. ಆದರೆ ಮಿರಜ್‌ಗೆ ಹೋಗಲು ಪ್ರತಿ ಸಲ ಯಾರದೋ ಕ್ರೂಸರ್ ಬಾಡಿಗೆ. ಲಾಕ್‌ಡೌನ್‌ನಲ್ಲಿ ಅದೂ ಇಲ್ಲ. ಗಡಿಯಲ್ಲಿ ಪಾಸ್ ಬೇಕು, ಪಾಸ್ ಸಿಕ್ಕ ದಿನ ಗಾಡಿ ಇಲ್ಲ. ದೊಡ್ಡವ್ವನ ಎರಡು ತಪಾಸಣೆ ತಪ್ಪಿದವು. ಅಣ್ಣ ಅದೊಂದನ್ನು ಇನ್ನೂ ಮಾತಾಡುವುದಿಲ್ಲ. ರೊಕ್ಕದ ವಿಷಯ ಎಷ್ಟು ಕೇಳಿದರೂ ಹೇಳುತ್ತಾನೆ.

ಎರಡನೇ ಕಾರು ಇದ್ದ ಮನೆಯಲ್ಲಿ ಇದು ಬರೀ ದುಬಾರಿ ರಿಪೇರಿ ಆಗುತ್ತಿತ್ತು. ಪುಣೆಯಲ್ಲಿದ್ದವನಿಗೆ ನಾಲ್ಕು ದಿನದ ಕೆಲಸ. ಟಿಕೋಟಾದಲ್ಲಿ, ಒಂದೇ ಕಾರು ಇದ್ದ ಮನೆಗೆ, ಐದು ತಿಂಗಳು. ಪೇಪರಿನಲ್ಲಿ ಬರುವ 'ಹೊಸ ಹ್ಯಾಚ್‌ಬ್ಯಾಕ್ ಬೆಲೆಗೆ ಐಷಾರಾಮಿ ಕಾರು' ಜಾಹೀರಾತಿನಲ್ಲಿ ಈ ನಿಂತ ದಿನಗಳ ಬೆಲೆ ಬರೆದಿರುವುದಿಲ್ಲ. ಕಾರು ಕೊಂಡವರಲ್ಲಿ ನಾನು ಮಾತಾಡಿಸಿದ ಇನ್ನಿಬ್ಬರು ಬಬಲೇಶ್ವರ ಕಡೆಯವರು. ಒಬ್ಬರು ಖುಷಿಯಾಗಿದ್ದಾರೆ, ಇನ್ನೊಬ್ಬರು ವರ್ಷದೊಳಗೆ ಮಾರಿದರು. ಖುಷಿಯಾಗಿರುವವರ ಅಂಗಳದಲ್ಲಿ ಸೆಡಾನಿನ ಪಕ್ಕ ಒಂದು ಬೊಲೆರೊ ನಿಂತಿತ್ತು.

ಅಣ್ಣನೂ 2021ರಲ್ಲಿ ಒಂದು ಹಳೆಯ ಬೊಲೆರೊ ತಂದ. ಅಂದಿನಿಂದ ಕಪ್ಪು ಕಾರಿನ ಮೇಲೆ ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲ. ದೊಡ್ಡವ್ವ ಬೊಲೆರೊದಲ್ಲಿ ಎತ್ತರಕ್ಕೆ ಕೂತು ಪೇಟೆಗೆ ಹೋಗುತ್ತಾಳೆ, ದೂರದ ದಾರಿ ಇದ್ದರೆ ಮಾತ್ರ "ಕರೀದು ತಗೀರಿ" ಎನ್ನುತ್ತಾಳೆ.

ಒಂದು ಬದಲಾವಣೆ ಹೇಳಲೇಬೇಕು. ಈಗ ವಿಜಯಪುರದಲ್ಲಿ ಲ್ಯಾಪ್‌ಟಾಪ್ ಹಿಡಿದ ಮೆಕ್ಯಾನಿಕ್ ಹುಡುಗರು ಇದ್ದಾರೆ. ಅವರಲ್ಲಿ ಒಬ್ಬ ಪುಣೆಯ ಗ್ಯಾರೇಜಿನಲ್ಲಿ ಐದು ವರ್ಷ ದುಡಿದು, ಕೊರೋನಾ ಕಾಲದಲ್ಲಿ ಊರಿಗೆ ಬಂದು, ಇಲ್ಲೇ ಉಳಿದವನು. ಸ್ಟೇರಿಂಗ್ ಕೆಳಗೆ ವೈರು ಚುಚ್ಚಿ, ಪರದೆ ನೋಡಿ, ಯಾವ ಸೆನ್ಸರ್ ಹೋಗಿದೆ ಎಂದು ಹತ್ತು ನಿಮಿಷದಲ್ಲಿ ಹೇಳುತ್ತಾನೆ. ಮಾರ್ಕೊ ಪೋಲೊ ಕಾಲದಲ್ಲಿ ವ್ಯಾಪಾರಿಗಳು ಬರಗೊಡದ ಲಾಳದವನು ಅಂತೂ ಬಂದಿದ್ದಾನೆ. ಅವನಂಥವರು ಹತ್ತು ಜನ ಆದರೆ ಅಣ್ಣನ ಪ್ರಶ್ನೆಗೆ ಉತ್ತರ ಬದಲಾದೀತು. ಸದ್ಯಕ್ಕೆ ಅವನ ಅಂಗಳದಲ್ಲಿ ಪಾಳಿ ಹಚ್ಚಬೇಕು, ಹಳೇ ಫಿಯೆಟ್ ಕಾಲದ ಹಾಗೆ.

2026ಕ್ಕೆ ಕಾರಿಗೆ ಹದಿನೈದು ವರ್ಷ ತುಂಬುತ್ತದೆ. ನೋಂದಣಿ ಮುಗಿಯುತ್ತದೆ, ಫಿಟ್‌ನೆಸ್ ತೋರಿಸಿ ಮತ್ತೆ ಮಾಡಿಸಬೇಕು. ಮಾರಲು ಕೇಳಿದರೆ ಗಿರಾಕಿಗಳು ಹೇಳುವ ಬೆಲೆ ನಾಲ್ಕು ಟೈರ್ ಮತ್ತು ಬ್ಯಾಟರಿಯ ಬೆಲೆಯ ಆಸುಪಾಸು. ಮೊನ್ನೆ ಅಣ್ಣ ಫೋನ್ ಮಾಡಿದ್ದ, "ತಮ್ಮಾ, ನೀ ಹ್ಯಾಂಗಿದ್ರೂ ಸುದ್ದಿಗಂತ ಆರ್‌ಟಿಒ ಆಫೀಸಿನ ಕಡೆ ಹೋಗ್ತಿ, ಏನೇನು ಕಾಗದ ಬೇಕು ಕೇಳ್ಕೊಂಡು ಬಾ" ಎಂದು. ಮಂಗಳವಾರ ಹೋಗುವವನಿದ್ದೇನೆ.